ತಾರಸಿ ಸೋರುತ್ತಿದೆ: ಬಳಿಯುವುದೋ, ಹಾಸುವುದೋ, ಶೀಟು ಹೊದಿಸುವುದೋ?

ಸೋರುವ ತಾರಸಿಯನ್ನು ತೋರಿಸಲೆಂದು ಆ ಬೇಸಿಗೆ ನಾಲ್ವರನ್ನು ಕರೆಸಿದ್ದೆ. ಪೇಂಟಿಂಗ್ ಕೆಲಸದವರು ರೋಲರಿನಲ್ಲಿ ಬಳಿಯುವ ಬಿಳಿ ಲೇಪನ ಧಾರಾಳವಾಗಿ ಸಾಕು ಎಂದರು. ಗಾರೆ ಮೇಸ್ತ್ರಿ, ಹಳೆಯದನ್ನೆಲ್ಲ ಕೆತ್ತಿ ತೆಗೆದು ಇಟ್ಟಿಗೆ ಚೂರಿನ ಪದರ ಹಾಕದೆ ಗತಿಯಿಲ್ಲ ಎಂದರು. ವಾಟರ್‌ಪ್ರೂಫಿಂಗ್ ಗುತ್ತಿಗೆದಾರರು ಟಾರಿನ ಹಾಳೆ ಹಾಸೋಣ, ಹತ್ತು ವರ್ಷ ಗ್ಯಾರಂಟಿ ಎಂದರು. ವೆಲ್ಡಿಂಗ್ ಅಂಗಡಿಯವರಂತೂ ಪ್ಯಾರಪೆಟ್ ಗೋಡೆಗೆ ಟೇಪು ಹಿಡಿದು ಅಳೆಯಲು ಶುರುಮಾಡಿ, ಶೀಟು ಹೊದಿಸಿಬಿಟ್ಟರೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲೂ ಜಾಗವಾಗುತ್ತದೆ ಎಂದರು. ನಾಲ್ವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೆ ಒಬ್ಬೊಬ್ಬರ ಮದ್ದೂ ಅವರವರ ಕಸುಬಿನಿಂದಲೇ ಹೊರಟಿತ್ತು. ಒಂದು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆ ಎಂದು ನೋಡಿದವರು ಒಬ್ಬರೂ ಇಲ್ಲ.

ಆ ನಾಲ್ಕು ದಾರಿಗಳನ್ನೂ, ಪಕ್ಕದಲ್ಲಿರುವ ಒಂದೆರಡು ಸಣ್ಣ ದಾರಿಗಳನ್ನೂ ಇಲ್ಲಿ ಎದುರುಬದುರು ಇಟ್ಟು ನೋಡಿದ್ದೇನೆ. ಸ್ವಂತ ಮನೆ, ಆರ್‌ಸಿಸಿ ತಾರಸಿ, ಭಾನುವಾರ ಬ್ರಷ್ಷು ಹಿಡಿಯಲು ಮೈ ಬಗ್ಗುವ ಮನುಷ್ಯ: ಇಷ್ಟಿದ್ದವರಿಗಾಗಿ ಬರೆದದ್ದು. ಅಪಾರ್ಟ್‌ಮೆಂಟಿನ ಮೇಲ್ಮಹಡಿಯವರ ಕಷ್ಟ ಬೇರೆ. ಅಲ್ಲಿ ತಾರಸಿಗಿಂತ ಸಂಘದ ಸಭೆಯನ್ನು ರಿಪೇರಿ ಮಾಡುವುದೇ ದೊಡ್ಡ ಕೆಲಸ.

ಹನಿ ಬೀಳುವ ಜಾಗ ಬೇರೆ, ನೀರು ಇಳಿಯುವ ಜಾಗ ಬೇರೆ

ನಮ್ಮ ನಡುಮನೆಯಲ್ಲಿ ನೀರು ತೊಟ್ಟಿಕ್ಕುತ್ತಿದ್ದದ್ದು ಫ್ಯಾನಿನ ಬುಡದಿಂದ. ಸರಿಯಾಗಿ ಅದರ ಮೇಲಿನ ತಾರಸಿಯನ್ನು ನಾನು ಎರಡು ಸಲ ಸಿಮೆಂಟು ಕಲಸಿ ಮೆತ್ತಿದ್ದೆ. ಮುಂದಿನ ಮಳೆಗೆ ಮತ್ತೆ ಅದೇ ಹನಿ. ಕೊನೆಗೆ ತಿಳಿದದ್ದು ಇಷ್ಟು: ನೀರು ಒಳಗಿಳಿಯುತ್ತಿದ್ದದ್ದು ಏಳಡಿ ಆಚೆ, ಪ್ಯಾರಪೆಟ್ ಮೂಲೆಯಲ್ಲಿ, ಮಳೆನೀರಿನ ಪೈಪು ಗೋಡೆ ತೂರಿ ಹೊರಹೋಗುವ ಕಡೆ. ಮೋಲ್ಡ್ ಹಾಕುವಾಗ ವೈರಿಂಗಿಗೆಂದು ಕಾಂಕ್ರೀಟಿನೊಳಗೆ ಪೈಪು ಹುದುಗಿಸುತ್ತಾರಲ್ಲ, ಬಿರುಕಿನಿಂದ ಇಳಿದ ನೀರಿಗೆ ಅದೇ ಕಾಲುವೆ. ಆ ಪೈಪು ಬಂದು ಬಾಯಿ ತೆರೆಯುವುದು ಫ್ಯಾನಿನ ಡಬ್ಬಿಯಲ್ಲಿ. ಎಷ್ಟೋ ಮನೆಗಳಲ್ಲಿ ಫ್ಯಾನಿನ ಬುಡವೇ ಮೊದಲು ಸೋರುವ ಗುಟ್ಟು ಇದು. ಹಾಗೆ ಸೋರುತ್ತಿದ್ದರೆ ಬೇರೆಲ್ಲಕ್ಕಿಂತ ಮೊದಲು ಆ ಸರ್ಕ್ಯೂಟಿನ ಎಂಸಿಬಿ, ಅಂದರೆ ಮೀಟರ್ ಬೋರ್ಡಿನ ಸುರಕ್ಷಾ ಸ್ವಿಚ್ಚನ್ನು, ಕೆಳಗಿಳಿಸಿ. ವೈರು ಇರುವ ಡಬ್ಬಿಗೆ ನೀರು ಇಳಿಯುತ್ತಿರುವಾಗ ಕೆಳಗೆ ಪಾತ್ರೆ ಇಟ್ಟು ಸುಮ್ಮನಿರುವಂತಿಲ್ಲ.

ಮಳೆ ಬಂದಾಗ ಮಾತ್ರ ಸೋರುತ್ತದೆಯೋ, ಬೇಸಿಗೆಯಲ್ಲೂ ತೇವ ಆರುವುದಿಲ್ಲವೋ ನೋಡಿ. ಬೇಸಿಗೆಯಲ್ಲೂ ಇದ್ದರೆ ತಾರಸಿಯನ್ನು ಬಿಟ್ಟು ನೀರಿನ ಟ್ಯಾಂಕಿನ ಪೈಪು, ಮೇಲ್ಮಹಡಿಯ ಬಚ್ಚಲು, ಸೋಲಾರ್ ಹೀಟರಿನ ಜೋಡಣೆಗಳನ್ನು ಪರೀಕ್ಷಿಸಬೇಕು. ಮಳೆಗೆ ಮಾತ್ರ ಎಂದಾದರೆ ತಾರಸಿಯನ್ನು ಭಾಗ ಮಾಡಿ ನೀರು ನಿಲ್ಲಿಸಿ ನೋಡುವುದೇ ನಂಬಿಕೆಯ ಪರೀಕ್ಷೆ. ಜೇಡಿಮಣ್ಣಿನ ಸಣ್ಣ ಬದು ಕಟ್ಟಿ, ನೀರು ಹೋಗುವ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ ಎರಡು ದಿನ ಕಾಯಬೇಕು. ಒಂದು ಭಾಗ ಸೋರದಿದ್ದರೆ ಮುಂದಿನ ಭಾಗ. ಒಂದು ಇಂಚಿಗಿಂತ ಹೆಚ್ಚು ಬೇಡ. 100 ಚದರ ಅಡಿಯಲ್ಲಿ ಒಂದು ಇಂಚು ನೀರು ಎಂದರೆ ಸುಮಾರು 235 ಕಿಲೋ ಭಾರ.

ಇನ್ನೊಂದು ಕೆಲಸಕ್ಕೆ ಒಂದು ಸೀಮೆಸುಣ್ಣ ಸಾಕು. ಜೋರು ಮಳೆ ನಿಂತ ಮಾರನೆಯ ಬೆಳಗ್ಗೆ ತಾರಸಿಗೆ ಹೋಗಿ, ನೀರು ಇನ್ನೂ ಮಡುಗಟ್ಟಿರುವ ಕಡೆಯೆಲ್ಲ ಸುತ್ತ ಗೆರೆ ಎಳೆಯಿರಿ. ಬಿಸಿಲು ಕಾದರೂ ಎರಡು ದಿನದ ಮೇಲೂ ಅಲ್ಲಿ ನೀರಿದ್ದರೆ ನಿಮ್ಮ ತಾರಸಿಗೆ ವಾಟ ಸರಿಯಿಲ್ಲ ಎಂದರ್ಥ. ಇಳಿಜಾರಿಗೆ ಮೇಸ್ತ್ರಿಗಳು ಹೇಳುವ ಮಾತು ವಾಟ. ಹತ್ತು ಅಡಿಗೆ ಒಂದರಿಂದ ಒಂದೂವರೆ ಇಂಚು ತಗ್ಗು ಇರಬೇಕು. ನಾಲ್ವರಲ್ಲಿ ಒಬ್ಬರಾದ ಆ ಗಾರೆ ಮೇಸ್ತ್ರಿ ಇಳಿದು ಹೋಗುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದ್ದನ್ನು ನಾನು ಮರೆತಿಲ್ಲ: "ಸ್ವಾಮಿ, ವಾಟ ಇಲ್ಲದ ಕಡೆ ಬಂಗಾರ ಬಳಿದರೂ ಸೋರುತ್ತದೆ." ಅವರ ಮದ್ದನ್ನು ನಾನು ಒಪ್ಪಲಿಲ್ಲ, ಮಾತನ್ನು ಒಪ್ಪಿದೆ. ಕೆಳಗಿನ ಹೋಲಿಕೆಯಲ್ಲಿ ಮುಕ್ಕಾಲು ಪಾಲು ನಿಂತಿರುವುದು ಈ ವಾಟದ ಮೇಲೆಯೇ.

ನೀವೇ ಕೈ ಹಾಕಬಾರದ ಸಂದರ್ಭವೂ ಒಂದಿದೆ. ಸೂರಿನ ಗಾರೆ ಹಪ್ಪಳದಂತೆ ಎದ್ದು ಉದುರಿ, ಒಳಗಿನ ಕಂಬಿ ತುಕ್ಕು ಹಿಡಿದು ಕಾಣುತ್ತಿದ್ದರೆ ಲೇಪನದ ಮಾತು ಆಮೇಲೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಅದು ಹಿಗ್ಗುತ್ತ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಸಬೇಕು. ಅದನ್ನು ಮುಚ್ಚಿ ಪುಟ್ಟಿ ಹಚ್ಚುವವರನ್ನು ಒಳಗೆ ಬಿಡಬೇಡಿ.

ಬಳಿಯುವ ಲೇಪನ

ಅಂಗಡಿಯಲ್ಲಿ ಹತ್ತು, ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಸಿಗುವ, ನೀರಿನಲ್ಲಿ ತೆಳುಮಾಡುವ, ಒಣಗಿದ ಮೇಲೆ ರಬ್ಬರಿನಂತೆ ತುಸು ಹಿಗ್ಗುವ ಅಕ್ರಿಲಿಕ್ ಲೇಪನ ಇದು. ನಾನು ಆರಿಸಿಕೊಂಡದ್ದು ಇದನ್ನೇ. ಹಾಗಾಗಿ ಇದರ ಬಗ್ಗೆ ಹೆಚ್ಚು ಹೇಳುತ್ತೇನೆ, ಪಕ್ಷಪಾತ ಎಂದುಕೊಂಡರೂ ಅಡ್ಡಿಯಿಲ್ಲ.

ಇದರ ಬಲ ಮೂರು ಕಡೆ ಇದೆ. ಭಾರವೇ ಇಲ್ಲ. ಗುತ್ತಿಗೆದಾರರ ಹಂಗಿಲ್ಲ. ಬಿಳಿ ಬಣ್ಣದ್ದಾದರೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಬಳಿದ ಕಡೆಗೊಂದು, ಬಳಿಯದ ಕಡೆಗೊಂದು ಹೆಜ್ಜೆ ಇಟ್ಟರೆ ಅಂಗಾಲೇ ವ್ಯತ್ಯಾಸ ಹೇಳುತ್ತದೆ. ದೌರ್ಬಲ್ಯ ಒಂದೇ, ಆದರೆ ದೊಡ್ಡದು: ನಿಂತ ನೀರನ್ನು ಇದು ತಾಳುವುದಿಲ್ಲ. ದಿನಗಟ್ಟಲೆ ನೆನೆದರೆ ಮೆತ್ತಗಾಗಿ, ಹಿಡಿತ ಬಿಟ್ಟು, ಸಿಪ್ಪೆಯಂತೆ ಏಳುತ್ತದೆ. ಸೀಮೆಸುಣ್ಣದ ಗೆರೆಗಳು ಹೆಚ್ಚಿದ್ದ ತಾರಸಿಗೆ, ಮೊದಲು ಆ ಗುಂಡಿಗಳನ್ನು ತುಂಬಿಸದೆ, ಇದನ್ನು ಬಳಿಯುವುದು ದುಡ್ಡನ್ನು ನೀರಿಗೆ ಹಾಕಿದಂತೆಯೇ.

ಬಳಿಯುವುದು ಅರ್ಧ ದಿನದ ಕೆಲಸ, ಅದಕ್ಕೆ ತಾರಸಿಯನ್ನು ಅಣಿಮಾಡುವುದು ಎರಡು ದಿನದ್ದು. ಪಾಚಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು. ಕಪ್ಪಗೆ ಒಣಗಿ ನೆಲಕ್ಕೆ ಅಂಟಿದ ಪಾಚಿಯ ಮೇಲೆ ಬಳಿದರೆ ಲೇಪನ ಹಿಡಿಯುವುದು ಪಾಚಿಯನ್ನು, ಕಾಂಕ್ರೀಟನ್ನಲ್ಲ. ಕೂದಲೆಳೆಯ ಬಿರುಕನ್ನು ಹಾಗೆಯೇ ಬಿಡಬಹುದು, ಲೇಪನವೇ ಮುಚ್ಚುತ್ತದೆ. ಉಗುರು ಸಿಕ್ಕುವಷ್ಟು ಅಗಲದ್ದನ್ನು ಉಳಿಯಿಂದ ಆಂಗ್ಲದ 'ವಿ' ಆಕಾರಕ್ಕೆ ಅಗಲಿಸಿ, ದೂಳು ಊದಿ, ಬಿರುಕು ತುಂಬುವ ಪೇಸ್ಟನ್ನು ಕರಣೆಯಿಂದ ಒತ್ತಿ ತುಂಬಬೇಕು. ಬಿರುಕಿನ ಬಾಯಿಗೆ ಮೇಲಿಂದ ಮೇಲೆ ಸಿಮೆಂಟಿನ ಹಾಲು ಸವರುವುದು ನಾನೂ ಮಾಡಿದ ತಪ್ಪು. ಗಡುಸಾದ ಸಿಮೆಂಟು, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ತಾರಸಿಯ ಜೊತೆ ಕದಲುವುದಿಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಪಕ್ಕದಲ್ಲೇ ಹೊಸ ಬಿರುಕು.

ತಾರಸಿಯೂ ಪ್ಯಾರಪೆಟ್ ಗೋಡೆಯೂ ಕೂಡುವ ಮೂಲೆ ಇಡೀ ತಾರಸಿಯಲ್ಲಿ ಅತಿ ಸೂಕ್ಷ್ಮದ ಜಾಗ. ಅಲ್ಲಿ ಲಂಬ ಕೋನ ಇರಬಾರದು. ಎರಡು ಮೂರು ಇಂಚಿನ ಇಳಿಜಾರು ಗಾರೆ ಕೊಟ್ಟು, ಅದು ಒಣಗಿದ ಮೇಲೆ ಫೈಬರ್ ಗ್ಲಾಸ್ ಜಾಲರಿಯ ಪಟ್ಟಿಯನ್ನು ಹಸಿ ಲೇಪನದೊಳಗೆ ಕೂರಿಸಿ, ಮೇಲೆ ಇನ್ನೊಂದು ಸುತ್ತು ಬಳಿಯಬೇಕು. ಪೈಪು ತೂರುವ ಕಡೆಯೂ ಹಾಗೆಯೇ. ಲೇಪನ ಗೋಡೆಯ ಮೇಲೂ ಒಂದು ಅಡಿ ಹತ್ತಬೇಕು. ಹಾಗಾಗಿ ಲೆಕ್ಕ ಹಾಕುವಾಗ ಎಚ್ಚರ: 30 ಅಡಿ, 20 ಅಡಿಯ ತಾರಸಿ ಎಂದರೆ 600 ಚದರ ಅಡಿ ಅಲ್ಲ, 700. ಸುತ್ತಳತೆ 100 ಅಡಿ ಇದೆಯಲ್ಲ. ಬಕೆಟ್ಟಿನ ಮೇಲೆ ಬರೆದ ವ್ಯಾಪ್ತಿ ನುಣ್ಣನೆಯ ಮೇಲ್ಮೈಯದು. ಒರಟು ತಾರಸಿ ಅದಕ್ಕಿಂತ ಹೆಚ್ಚು ಕುಡಿಯುತ್ತದೆ.

ಮೊದಲ ಸುತ್ತನ್ನು ಸೂಚನೆಯಲ್ಲಿ ಹೇಳಿದಷ್ಟು ನೀರು ಬೆರೆಸಿ ಬಳಿಯಿರಿ. ಎರಡನೆಯದನ್ನು ನೀರು ಸೇರಿಸದೆ, ಮೊದಲಿನದಕ್ಕೆ ಅಡ್ಡಲಾಗಿ. ಮೊದಲ ವರ್ಷ ನಾನು ಉತ್ಸಾಹದಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಶುರುಮಾಡಿದೆ. ರೋಲರು ಮುಂದೆ ಹೋದಂತೆ ಹಿಂದೆ ಬಳಿದದ್ದು ಕಣ್ಣೆದುರೇ ಒಣಗಿತು, ಮಧ್ಯಾಹ್ನದ ಹೊತ್ತಿಗೆ ಉದ್ದಿನ ವಡೆಯ ಮೇಲಿನಂತೆ ಗುಳ್ಳೆಗಳು. ಸುಡುವ ಕಾಂಕ್ರೀಟಿನ ಮೇಲೆ ಲೇಪನದ ಮೇಲ್ಪೊರೆ ಮೊದಲು ಒಣಗುತ್ತದೆ, ಒಳಗಿನ ಆವಿಗೆ ಹೊರಬರಲು ದಾರಿಯಿಲ್ಲ. ಗುಳ್ಳೆಗಳನ್ನೆಲ್ಲ ಕೆರೆದು ಮತ್ತೆ ಬಳಿಯಲು ಇನ್ನೊಂದು ಭಾನುವಾರ ಹೋಯಿತು. ಬೆಳಗ್ಗೆ ಒಂಬತ್ತರೊಳಗೆ ನಿಲ್ಲಿಸಿ, ಇಲ್ಲವೇ ಸಂಜೆ ಐದರ ಮೇಲೆ ಹಿಡಿಯಿರಿ. ತೇವದ ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿಯಿಡೀ ತಾರಸಿಗೆ ಅಂಟಿಸಿಡಿ. ಬೆಳಗ್ಗೆ ಒಳಗೆ ಬೆವರಿದ್ದರೆ ಇನ್ನೂ ಒಣಗಬೇಕು. ಹೊಸದಾಗಿ ಹಾಕಿದ ಕಾಂಕ್ರೀಟಾದರೆ 28 ದಿನ ಕಳೆಯದೆ ಮುಟ್ಟಬೇಡಿ.

ಎಷ್ಟು ವರ್ಷ ಬಾಳುತ್ತದೆ? ಡಬ್ಬಿಯ ಮೇಲಿನ ವರ್ಷಗಳನ್ನು ಅರ್ಧ ಮಾಡಿ ಲೆಕ್ಕ ಹಾಕಿ, ನಿರಾಶೆ ಇರುವುದಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಒಂದು ಸುತ್ತು ಮತ್ತೆ ಬಳಿಯಬೇಕು. ಇದನ್ನು ಕೇಳಿ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚಳ್ಳಕೆರೆ ಕಡೆಯ ನಮ್ಮ ಅಜ್ಜಿಯದು ಮಣ್ಣಿನ ಚಪ್ಪಟೆ ಸೂರಿನ ಮಾಳಿಗೆ ಮನೆ. ಅದಕ್ಕೆ ವರ್ಷ ವರ್ಷವೂ ಮಳೆಗೆ ಮೊದಲು ಚೌಳು ಮಣ್ಣು ಹಾಕುತ್ತಿದ್ದರು. ಬೆಳೆಗೆ ಬಾರದ ಆ ಉಪ್ಪು ಮಣ್ಣು ಒದ್ದೆಯಾದಾಗ ಕಣ ಕಣ ಬಿಡಿಸಿಕೊಂಡು ಸಂದುಗಳಲ್ಲಿ ಕೂತುಬಿಡುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಪ್ರತಿ ವರ್ಷ ಹಾಕಬೇಕಲ್ಲ ಎಂದು ಯಾರೂ ಆ ಮಾಳಿಗೆಯನ್ನು ಕಳಪೆ ಎನ್ನಲಿಲ್ಲ. ಸಿಮೆಂಟು ಬಂದ ಮೇಲೆ ನಮಗೆ 'ಒಂದು ಸಲ ಮಾಡಿದರೆ ಜೀವಮಾನಕ್ಕೆ ಸಾಕು' ಎಂಬ ಆಸೆ ಹತ್ತಿತು. ನನ್ನ ಮಟ್ಟಿಗೆ, ತಾರಸಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ವರ್ಷ ಬಾಳುತ್ತದೆ ಎಂಬುದಲ್ಲ, ಕೆಟ್ಟಾಗ ನಾನೇ ಸರಿಮಾಡಿಕೊಳ್ಳಬಲ್ಲೆನೇ ಎಂಬುದು.

ಪುಡಿ ಮತ್ತು ದ್ರವ ಕಲಸಿ ಹಚ್ಚುವುದು

ಸಿಮೆಂಟಿನ ಪುಡಿ ಒಂದು ಚೀಲ, ಪಾಲಿಮರ್ ದ್ರವ ಒಂದು ಡಬ್ಬಿ. ಎರಡನ್ನೂ ಹೇಳಿದ ಅಳತೆಯಲ್ಲಿ ಕಲಸಿ ಬ್ರಷ್ಷಿನಲ್ಲಿ ಹಚ್ಚಬೇಕು. ನಿಂತ ನೀರನ್ನು ಇದು ಅಕ್ರಿಲಿಕ್‌ಗಿಂತ ಚೆನ್ನಾಗಿ ತಾಳುತ್ತದೆ. ಬಚ್ಚಲಿನ ನೆಲದ ಕೆಳಗೂ ನೀರಿನ ತೊಟ್ಟಿಯ ಒಳಗೂ ಇದನ್ನೇ ಹಚ್ಚುವುದು. ಅಕ್ರಿಲಿಕ್‌ಗೆ ಒಣ ನೆಲ ಬೇಕಾದರೆ ಇದಕ್ಕೆ ನೆಲ ತುಸು ತೇವವಾಗಿರಬೇಕು, ಆದರೆ ನೀರು ಮಿನುಗುವಂತಿರಬಾರದು. ಕಲಸಿದ್ದು ಒಂದು ಗಂಟೆಯೊಳಗೆ ಬಿಗಿಯತೊಡಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ; ಬಿಗಿದದ್ದಕ್ಕೆ ನೀರು ಹಾಕಿ ಮತ್ತೆ ಕಲಸುವುದು ಬೇಡ.

ಬಯಲು ತಾರಸಿಯಲ್ಲಿ ಇದನ್ನು ಹಾಗೆಯೇ ಬಿಟ್ಟರೆ ಬಿಸಿಲಿಗೂ ಓಡಾಟಕ್ಕೂ ಸವೆಯುತ್ತದೆ. ಮೇಲೆ ಒಂದೂವರೆ ಇಂಚಿನ ಗಾರೆಯನ್ನೋ ಟೈಲ್ಸನ್ನೋ ಹಾಕುವುದು ಕ್ಷೇಮ. ಟೈಲ್ಸ್ ಹಾಕಿಸುವ ಯೋಚನೆ ಹೇಗೂ ಇದ್ದವರಿಗೆ ಇದು ಮೊದಲ ಆಯ್ಕೆ. ಆ ಗಾರೆಯಲ್ಲೇ ವಾಟವನ್ನೂ ಸರಿಮಾಡಿಸಿಕೊಳ್ಳಬಹುದು. ಹಚ್ಚುವ ಕೆಲಸ ನೀವೇ ಮಾಡಿ, ವಾಟ ತೆಗೆಯುವ ಗಾರೆಗೆ ಮೇಸ್ತ್ರಿಯನ್ನು ಕರೆಯಿರಿ. ರಸಮಟ್ಟ ಹಿಡಿದು ಮೂವತ್ತು ಅಡಿಗೆ ಮೂರು ಇಂಚು ತಗ್ಗು ತರುವುದು ನೋಡಿದಷ್ಟು ಸುಲಭವಲ್ಲ ಎಂದು ನಾನು ಟ್ಯಾಂಕಿನ ಪಕ್ಕದ ಆರು ಅಡಿಯಲ್ಲೇ ಕಲಿತೆ.

ಇಟ್ಟಿಗೆ ಚೂರಿನ ಪದರ

ಮೇಸ್ತ್ರಿಗಳ ಅಚ್ಚುಮೆಚ್ಚಿನದು. ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ, ನಡುವಿನಿಂದ ಅಂಚಿಗೆ ವಾಟ ತಂದು, ಮೇಲೆ ನುಣ್ಣಗೆ ಗಾರೆ ಎಳೆದು, ವಾರಗಟ್ಟಲೆ ನೀರು ನಿಲ್ಲಿಸಿ ಹದ ಮಾಡುತ್ತಾರೆ. ಇದಕ್ಕೆ ಹಿಂದಿನದು ಹಳೆಯ ಬೆಂಗಳೂರು, ಮೈಸೂರಿನ ಮನೆಗಳ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಜಲ್ಲಿ ಹಾಕಿ ಬಡಿದು ಬಡಿದು ಗಟ್ಟಿ ಮಾಡಿದ್ದು. ಅದರ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುತ್ತಿದ್ದರು. ಅಂಥ ಮನೆ ನಿಮ್ಮದಾಗಿದ್ದರೆ ದಯವಿಟ್ಟು ಮೇಲೆ ಸಿಮೆಂಟು ಎಳೆಸಬೇಡಿ. ಸುಣ್ಣದ ಪದರ ತೇವವನ್ನು ಹೀರಿ ಹೊರಬಿಡುತ್ತ ಇರುತ್ತದೆ. ಸಿಮೆಂಟು ಆ ಉಸಿರನ್ನು ಕಟ್ಟುತ್ತದೆ, ಕೆಳಗಿನ ತೊಲೆ ಕೊಳೆಯುತ್ತದೆ. ಅದಕ್ಕೆ ಸುಣ್ಣದ ಕೆಲಸ ಬಲ್ಲವರನ್ನೇ ಹುಡುಕಬೇಕು.

ಆರ್‌ಸಿಸಿಗೆ ಬರೋಣ. ವಾಟವೇ ಇಲ್ಲದ ತಾರಸಿಗೆ ವಾಟ ಕೊಡುವುದರಲ್ಲೂ ಸೆಕೆ ತಡೆಯುವುದರಲ್ಲೂ ಈ ಪದರಕ್ಕೆ ಸಾಟಿ ಕಡಿಮೆ. ತೊಡಕು ಇರುವುದು ಭಾರದಲ್ಲಿ. ನಾಲ್ಕು ಇಂಚಿನ ಪದರ ಚದರ ಅಡಿಗೆ 15ರಿಂದ 20 ಕಿಲೋ ತೂಗುತ್ತದೆ. 600 ಚದರ ಅಡಿಗೆ ಹತ್ತು ಟನ್ನಿನ ಆಸುಪಾಸು. ಜನ ಓಡಾಡುವ ಚಪ್ಪಟೆ ತಾರಸಿಗೆ ಕಟ್ಟಡದ ಭಾರಗಳ ಭಾರತೀಯ ಮಾನಕ ಐಎಸ್ 875 ಲೆಕ್ಕ ಹಿಡಿಯುವ ಓಡಾಟದ ಭಾರವೇ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ, ಚದರ ಅಡಿಗೆ 14 ಕಿಲೋ. ಮನೆ ಕಟ್ಟುವಾಗಲೇ ಈ ಪದರವನ್ನು ಲೆಕ್ಕಕ್ಕೆ ಸೇರಿಸಿದ್ದರೆ ಚಿಂತೆಯಿಲ್ಲ. ಆದರೆ ಹಳೆಯ ಪದರ ಸೋರುತ್ತಿದೆ ಎಂದು ಕೆತ್ತದೆ ಅದರ ಮೇಲೆಯೇ ಇನ್ನೊಂದನ್ನು ಹಾಕುವವರನ್ನು ಕಂಡಿದ್ದೇನೆ. ಆ ಮನೆಯಲ್ಲಿ ನಾನಾದರೆ ನಿದ್ದೆ ಮಾಡಲಾರೆ.

ಇನ್ನೊಂದು ತೊಡಕು, ಕೆಟ್ಟಾಗ ಹುಡುಕುವುದು. ನೀರು ಒಂದು ಕಡೆ ಪದರದೊಳಗೆ ಇಳಿದು, ಇಟ್ಟಿಗೆ ಚೂರುಗಳ ನಡುವೆ ಹರಿದಾಡಿ, ಇನ್ನೆಲ್ಲೋ ತಾರಸಿಯ ಬಿರುಕು ಹಿಡಿಯುತ್ತದೆ. ಮಳೆ ನಿಂತು ವಾರವಾದರೂ ಸೂರು ಒಸರುತ್ತಲೇ ಇರುತ್ತದೆ. ಮನೆಯವರು ಕೈಯಾರೆ ಮಾಡುವ ಕೆಲಸವಂತೂ ಇದಲ್ಲ.

ಟಾರಿನ ಹಾಳೆ

ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಸುರುಳಿ. ಮೂರು ಅಥವಾ ನಾಲ್ಕು ಮಿ.ಮೀ. ದಪ್ಪ. ಗ್ಯಾಸಿನ ಉರಿಯಲ್ಲಿ ಅಡಿಭಾಗ ಕರಗಿಸುತ್ತ ಬಿಚ್ಚಿ ಅಂಟಿಸುತ್ತ ಹೋಗುತ್ತಾರೆ. ಚೆನ್ನಾಗಿ ಹಾಸಿದರೆ ನಿಂತ ನೀರಿಗೂ ಜಗ್ಗುವುದಿಲ್ಲ. ಗುತ್ತಿಗೆದಾರರ ಕೆಲಸವನ್ನು ನೀವು ಅಳೆಯಬೇಕಾದದ್ದು ಎರಡು ಕಡೆ. ಹಾಳೆಯ ಮೇಲೆ ಹಾಳೆ ನಾಲ್ಕು ಇಂಚು ಹತ್ತಿದೆಯೇ, ಗೋಡೆಗೆ ಒಂದು ಅಡಿ ಏರಿಸಿ ಅಂಚನ್ನು ಗೋಡೆಯಲ್ಲಿ ಕೊರೆದ ಗೀರಿನೊಳಗೆ ಸೇರಿಸಿ ಮುಚ್ಚಿದ್ದಾರೆಯೇ. ಅಂಚನ್ನು ಗೋಡೆಗೆ ಬರಿದೇ ಅಂಟಿಸಿ ಬಿಟ್ಟರೆ ಎರಡು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ.

ಕಪ್ಪು ಹಾಳೆ ಬಿಸಿಲನ್ನೆಲ್ಲ ಹೀರುತ್ತದೆ. ಮೇಲೆ ಗಾರೆಯೋ ಟೈಲ್ಸೋ ಇಲ್ಲದಿದ್ದರೆ ಬಿಸಿಲು ತಿಂದು ಹಾಳೆಯೂ ಒಡೆಯುತ್ತದೆ, ಕೆಳಗಿನ ಕೋಣೆಯೂ ಕಾಯುತ್ತದೆ. ಸಂಡಿಗೆ ಹಪ್ಪಳ ಒಣಗಿಸುವ, ಮಕ್ಕಳು ಗಾಳಿಪಟ ಹಾರಿಸುವ ತಾರಸಿಯಾದರೆ ಮೇಲ್ಹೊದಿಕೆಯ ಖರ್ಚನ್ನೂ ಸೇರಿಸಿಯೇ ದರ ಕೇಳಿ. ಉರಿ ಹಿಡಿಯುವ ಈ ಕೆಲಸವನ್ನು ಮೊಬೈಲಿನಲ್ಲಿ ವಿಡಿಯೊ ನೋಡಿ ಮಾಡಲು ಹೋಗಬೇಡಿ.

ಪಾಲಿಯುರೆಥೇನ್ ದ್ರವವನ್ನೂ ಕೆಲವರು ಸೂಚಿಸುತ್ತಾರೆ. ಅಕ್ರಿಲಿಕ್‌ಗಿಂತ ಹೆಚ್ಚು ಹಿಗ್ಗುತ್ತದೆ, ದುಬಾರಿ, ತಾರಸಿಯಲ್ಲಿ ಚೂರು ತೇವ ಉಳಿದಿದ್ದರೂ ಗುಳ್ಳೆ ಏಳುತ್ತದೆ. ಇಡೀ ತಾರಸಿಗೆ ಬೇಡ; ಕದಲುವ ಬಿರುಕಿಗೆ ತುಂಬುವ ಪಾಲಿಯುರೆಥೇನ್ ಪೇಸ್ಟು ಮಾತ್ರ ಒಂದೆರಡು ಟ್ಯೂಬು ಮನೆಯಲ್ಲಿರಲಿ. ಇನ್ನು ಸೂರಿನ ಒಳಗಿನಿಂದ ಬಳಿಯುವ 'ತೇವ ತಡೆ' ಬಣ್ಣಗಳು ಮಳೆನೀರನ್ನು ತಡೆಯುವುದಿಲ್ಲ, ಕಾಣದಂತೆ ಮಾಡುತ್ತವೆ ಅಷ್ಟೇ.

ಶೀಟು

ಬಯಲುಸೀಮೆಯವನಾದ ನನಗೆ ಮೊದಲು ಇದು ಹಾಸ್ಯವಾಗಿ ಕಂಡಿತ್ತು. ಕಾಂಕ್ರೀಟು ಹಾಕಿ ಅದಕ್ಕೊಂದು ಕೊಡೆ ಹಿಡಿಯುವುದೇ? ತೀರ್ಥಹಳ್ಳಿಯಲ್ಲಿರುವ ಅಕ್ಕನ ಮನೆಯಲ್ಲಿ ಒಂದು ಆಷಾಢ ಕಳೆದ ಮೇಲೆ ನಗು ನಿಂತಿತು. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ; ಚಳ್ಳಕೆರೆ ಕಡೆ 500 ಮಿ.ಮೀ. ಆಸುಪಾಸು. ಎರಡು ತಿಂಗಳು ಬಿಸಿಲೇ ಕಾಣದ ಕಡೆ ತಾರಸಿ ಒಣಗುವ ಪ್ರಶ್ನೆಯೇ ಇಲ್ಲ, ಚಪ್ಪಟೆ ಮಾಡು ಅಲ್ಲಿನದಲ್ಲ. "ಹೆಂಚಿನ ಮನೆ ಕೆಡವಿ ತಾರಸಿ ಹಾಕಿಸಿದೆವು, ಈಗ ತಾರಸಿಗೆ ಮಾಡು ಕಟ್ಟಿಸಿದೆವು. ಅಪ್ಪಯ್ಯ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು" ಎಂದು ಭಾವ ತಾವೇ ಹೇಳಿಕೊಂಡರು. ಅವರ ಶೀಟಿನಡಿ ಈಗ ಅಡಿಕೆ ಒಣಗುತ್ತದೆ, ಸೌದೆ ಇದೆ, ಹಳೆಯ ಸೋಫಾ ಇದೆ. ಕೆಳಗಿನ ಸೂರು ಒಣಗಿ ಬೆಳ್ಳಗಾಗಿದೆ.

ಮಲೆನಾಡು, ಕರಾವಳಿಯಲ್ಲಿ ಇದ್ದೀರಾದರೆ ಹೆಚ್ಚು ಯೋಚಿಸದೆ ಇದಕ್ಕೇ ದುಡ್ಡು ಕೂಡಿಸಿ. ಕೂಡಿಸುವವರೆಗೆ ಲೇಪನ ಬಳಿದು ದಿನ ದೂಡಿ. ಮಾಡಿಸುವಾಗ ಕಣ್ಣಿಡಬೇಕಾದ ಜಾಗ ಕಂಬದ ಬುಡ. ತಾರಸಿಗೆ ತೂತು ಕೊರೆದು ಬೋಲ್ಟು ಕೂರಿಸಿದರೆ ಸೋರಿಕೆ ನಿಲ್ಲಿಸಲು ಹೋಗಿ ಹತ್ತು ಹೊಸ ಬಾಯಿ ತೆರೆದಂತೆ. ಪಿಲ್ಲರಿನ ನೇರಕ್ಕೆ ಕಾಂಕ್ರೀಟಿನ ಸಣ್ಣ ಕಟ್ಟೆ ಹಾಕಿಸಿ ಅದರ ಮೇಲೆ ಕಂಬ ನಿಲ್ಲಿಸಲಿ. ಅಂಚು ಗೋಡೆಯಿಂದ ಎರಡು ಮೂರು ಅಡಿ ಹೊರಚಾಚಲಿ, ಇಲ್ಲವಾದರೆ ಎರಚಲು ಒಳಗೆ ಬರುತ್ತದೆ. ಸ್ಕ್ರೂ ಕೆಳಗಿನ ರಬ್ಬರ್ ವಾಷರು ಬಿಸಿಲಿಗೆ ಸೆಟೆದು ಒಡೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಅಗ್ಗಕ್ಕೆ ಸಿಗುತ್ತದೆಂದು ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಬೇಡ. ಅದನ್ನು ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ವಿಷ.

ಬಯಲುಸೀಮೆಯ ಪಟ್ಟಣದಲ್ಲಿ ನಾನು ಇದನ್ನು ಬೇಡವೆಂದದ್ದು ಮೂರು ಕಾರಣಕ್ಕೆ. ಸೋಲಾರ್ ಹೀಟರನ್ನು ಎತ್ತಿ ಮೇಲೆ ಕೂರಿಸಬೇಕಿತ್ತು, ಸ್ಥಳೀಯ ಸಂಸ್ಥೆಯ ಅನುಮತಿ ವಿಚಾರಿಸಬೇಕಿತ್ತು, ಬೇಸಿಗೆಯ ರಾತ್ರಿ ತಾರಸಿಯಲ್ಲಿ ಚಾಪೆ ಹಾಸಿ ಮಲಗುವ ಸುಖವನ್ನು ಬಿಡಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ.

ದುಡ್ಡಿನ ಮಾತು

ನನಗೆ ಬಂದ ದರಗಳಿವು, 600 ಚದರ ಅಡಿಯ ತಾರಸಿಗೆ. ನಿಮ್ಮ ಊರಿನಲ್ಲಿ ಅಂಕಿ ಬೇರೆಯಾದೀತು, ಒಂದರ ಪಕ್ಕ ಒಂದರ ಎತ್ತರ ಮಾತ್ರ ನೋಡಿ. ನಾನೇ ಬಳಿದ ಅಕ್ರಿಲಿಕ್‌ಗೆ ಜಾಲರಿ, ಪೇಸ್ಟು, ರೋಲರು ಸೇರಿ 16,000 ರೂಪಾಯಿ ಆಯಿತು. ಅದನ್ನೇ ಪೇಂಟಿಂಗ್‌ನವರು ಮಾಡಿದ್ದರೆ 28,000. ಟಾರಿನ ಹಾಳೆಗೆ ಮೇಲ್ಹೊದಿಕೆ ಬಿಟ್ಟು 55,000. ಇಟ್ಟಿಗೆ ಚೂರಿನ ಪದರಕ್ಕೆ ಹಳೆಯದನ್ನು ಕೆತ್ತಿ ಸಾಗಿಸುವುದೂ ಸೇರಿ 90,000. ಶೀಟಿಗೆ ಒಂದೂವರೆ ಲಕ್ಷದ ಮೇಲೆ. ಅಂದರೆ ಇಟ್ಟಿಗೆ ಪದರದ ದುಡ್ಡಿನಲ್ಲಿ ನಾನು ಐದು ಸಲ ಬಳಿಯಬಹುದು. ನಾಲ್ಕು ವರ್ಷಕ್ಕೊಮ್ಮೆ ಎಂದರೂ ಇಪ್ಪತ್ತು ವರ್ಷ.

ಗ್ಯಾರಂಟಿಯ ಬಗ್ಗೆ ಒಂದು ಮಾತು. ಹತ್ತು ವರ್ಷದ ಗ್ಯಾರಂಟಿ ಪತ್ರ ಕೊಟ್ಟಿದ್ದ ಗುತ್ತಿಗೆದಾರರೊಬ್ಬರ ಫೋನು ಮೂರನೆಯ ವರ್ಷಕ್ಕೇ ಸತ್ತಿತ್ತು ಎಂದು ಪಕ್ಕದ ಮನೆಯವರು ಆ ಪತ್ರವನ್ನು ಲ್ಯಾಮಿನೇಷನ್ ಸಮೇತ ತೋರಿಸಿದರು. ಪತ್ರಕ್ಕಿಂತ, ಕೆಲಸ ಮುಗಿದ ಮೇಲೆ ಎರಡು ದಿನ ನೀರು ನಿಲ್ಲಿಸಿ ತೋರಿಸಿದ ನಂತರವೇ ಕೊನೆಯ ಕಂತು ಎಂಬ ಕರಾರು ಹೆಚ್ಚು ಕೆಲಸಕ್ಕೆ ಬರುತ್ತದೆ.

ನಾನಾದರೆ

ವಾಟ ಚೆನ್ನಾಗಿದ್ದು ಬಿರುಕುಗಳು ಸಣ್ಣವಾಗಿದ್ದರೆ ಬಳಿಯುತ್ತೇನೆ. ಒಂದೆರಡು ಕಡೆ ಮಾತ್ರ ನೀರು ನಿಂತರೆ, ಆ ಗುಂಡಿಗಳನ್ನು ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿಸಿ ಆಮೇಲೆ ಬಳಿಯುತ್ತೇನೆ. ತಾರಸಿಯ ಕಾಲು ಭಾಗಕ್ಕಿಂತ ಹೆಚ್ಚು ಕಡೆ ನೀರು ನಿಲ್ಲುತ್ತಿದ್ದರೆ ಪುಡಿ-ದ್ರವದ ಲೇಪನ ಹಚ್ಚಿ, ಮೇಸ್ತ್ರಿಯಿಂದ ತೆಳು ಗಾರೆಯಲ್ಲಿ ವಾಟ ತೆಗೆಸಿ, ಕೈಯಲ್ಲಿ ದುಡ್ಡಿದ್ದರೆ ಬಿಳಿ ಟೈಲ್ಸ್ ಹಾಕಿಸುತ್ತೇನೆ. ಇಟ್ಟಿಗೆ ಪದರವನ್ನು ಹೊಸ ಮನೆ ಕಟ್ಟುವವರಿಗೆ ಬಿಡುತ್ತೇನೆ. ಮುಂದೆ ಮಹಡಿ ಏರಿಸುವ ಯೋಚನೆ ಇದ್ದರೆ ಯಾವುದಕ್ಕೂ ದೊಡ್ಡ ದುಡ್ಡು ಸುರಿಯದೆ ಅಗ್ಗದ ಲೇಪನದಲ್ಲೇ ಕಾಲ ತಳ್ಳುತ್ತೇನೆ. ಮೇಲೆ ಕೋಣೆ ಬಂದ ದಿನ ಆ ತಾರಸಿ ನೆಲವಾಗುತ್ತದೆ.

ಯಾವುದನ್ನು ಆರಿಸಿದರೂ ಏಪ್ರಿಲ್ ಕೊನೆಯ ಭರಣಿ ಮಳೆಗೆ ಮೊದಲು ಕೆಲಸ ಮುಗಿದಿರಲಿ. ರೋಹಿಣಿ, ಮೃಗಶಿರಾ ಎಂದು ಕಾದರೆ ಕೆಲಸದವರೂ ಕೈಗೆ ಸಿಗುವುದಿಲ್ಲ, ಒಣ ತಾರಸಿಯೂ ಸಿಗುವುದಿಲ್ಲ. ಕೆಳಗಿನ ಸೂರಿಗೆ ಸುಣ್ಣಬಣ್ಣ ಮಾಡುವ ಆತುರ ಬೇಡ. ಒಂದು ಮಳೆಗಾಲ ಕಳೆದು, ಕಲೆ ಬೆಳೆಯಲಿಲ್ಲ ಎಂದು ಖಚಿತವಾದ ಮೇಲೆ ದೀಪಾವಳಿಗೆ ಬಳಿದರಾಯಿತು.

ಮೆಟ್ಟಿಲ ಕೋಣೆಯ ಬಾಗಿಲ ಹಿಂದೆ, ಮಕ್ಕಳ ಎತ್ತರದ ಗೆರೆಗಳ ಪಕ್ಕದಲ್ಲಿ, ನಾನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಬಳಿದ ತಾರೀಖು, ಎಷ್ಟು ಲೀಟರು ಹಿಡಿಯಿತು, ಯಾವ ಯಾವ ಮೂಲೆಗೆ ಜಾಲರಿ ಹಾಕಿದೆ, ಪೈಪಿನ ಬಾಯಿಗೆ ಹಾಕಿದ ಜರಡಿಯ ಅಳತೆ. ಬಕೆಟ್ಟಿನಲ್ಲಿ ಉಳಿದ ಲೇಪನವನ್ನು ಬಿಗಿಯಾಗಿ ಮುಚ್ಚಿ ಮೆಟ್ಟಿಲ ಕೆಳಗಿನ ನೆರಳಲ್ಲಿ ಇಟ್ಟಿದ್ದೇನೆ. ಪ್ರತಿ ಯುಗಾದಿಯ ಮರುದಿನ, ಬೇವಿನ ಹೂವು ಉದುರಿ ಪೈಪಿನ ಬಾಯಿ ಕಟ್ಟಿರುವ ಹೊತ್ತಿಗೆ, ಪೊರಕೆಯ ಜೊತೆ ಅದನ್ನೂ ಮೇಲೆ ಒಯ್ಯುತ್ತೇನೆ.